ಗುಡ್ಡದ ಹಿಂದಿನ ಕೆಂಪು

ಉರಿಯುತ್ತಿದ್ದ ಗೋದಾಮಿನ ಸೂರು ನನ್ನ ಮೇಲೆ ಕುಸಿದು ಬಿದ್ದಾಗ ಮುರಿದ ಎಲುಬುಗಳೆಲ್ಲ ಕೂಡಿಕೊಂಡವು. ಕೆಟ್ಟದ್ದು ಕಾಲು. ನಡೆಯುವುದಕ್ಕೆ, ಸೈಕಲ್ ತುಳಿಯುವುದಕ್ಕೆ ಏನೂ ತೊಂದರೆಯಿಲ್ಲ. ಠಾಣೆಯಲ್ಲಿ ಬೆಂಕಿಯ ಗಂಟೆ ಹೊಡೆದರೆ ಮಾತ್ರ ಏಳುವುದಿಲ್ಲ. ಉಳಿದವರೆಲ್ಲ ನೀರಿನ ಬಂಡಿ ಹತ್ತಿ ಬೀದಿಯ ತಿರುವು ದಾಟಿದರೂ ನಾನು ಗೋಂದು ಹಚ್ಚಿ ಕೂರಿಸಿದವನ ಹಾಗೆ ಬೆಂಚಿನ ಮೇಲೇ ಇರುತ್ತಿದ್ದೆ. ಅಗ್ನಿಶಾಮಕನಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ನಮ್ಮ ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ಪೈಪು ಹಿಡಿಯುತ್ತೀಯೋ, ಕಚೇರಿಯ ಕುರ್ಚಿ ಹಿಡಿಯುತ್ತೀಯೋ, ಸೋಮವಾರ ಹೇಳು ಎಂದರು.

ನಾನಿರುವುದು ಅಕ್ಕನ ಮನೆಯಲ್ಲಿ. ಅವಳ ಓಟು ಕುರ್ಚಿಗೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಎಂದುಕೊಂಡು, ನಾನು ಅಡುಗೆಮನೆಗೆ ಕಾಲಿಟ್ಟರೆ ಒಲೆಯ ಉರಿ ಸಣ್ಣ ಮಾಡುತ್ತಿದ್ದಳು. "ಕುರ್ಚಿಗೇನೋ ಕಡಿಮೆ? ನಾಲ್ಕು ಕಾಲಿದೆ, ನಿನಗಿಂತ ಎರಡು ಜಾಸ್ತಿ" ಎಂದಳು. ನಗು ಬಂತು, ಹೊಟ್ಟೆಯೂ ಉರಿಯಿತು. ನನಗೆ ಬೇಕಾದದ್ದು ಪೈಪೇ. ಆದರೆ ಉರಿಯುವ ಮನೆಯ ಬಾಗಿಲಲ್ಲಿ ನನ್ನ ಕಾಲು ಕೈಕೊಟ್ಟರೆ ಸಾಯುವುದು ನಾನೊಬ್ಬನೇ ಅಲ್ಲ. ಬೆನ್ನ ಹಿಂದೆ ಬರುವವನೂ ಸಾಯುತ್ತಾನೆ.

ನಗರದಲ್ಲಿ ಈ ಯೋಚನೆ ಮಾಡುವ ಹಾಗಿರಲಿಲ್ಲ. ರಾತ್ರಿಯಾದರೆ ಯಾವುದೋ ಬೀದಿಯಲ್ಲಿ ಸೈರನ್ ಕೂಗುತ್ತದೆ, ನಾನು ಬೆವರುತ್ತೇನೆ. ಅದಕ್ಕೇ ಶನಿವಾರ ಸೈಕಲ್ಲಿನ ಕ್ಯಾರಿಯರ್‌ಗೆ ಟೆಂಟು ಬಿಗಿದು ಹೊರಟೆ. ಒಬ್ಬನೇ ಹೋಗಬೇಡ ಎಂದು ಅಕ್ಕ ಗೊಣಗಿದಳು. ಗೊಣಗುತ್ತಲೇ ಬೇಯಿಸಿದ ಮೊಟ್ಟೆ, ಬ್ರೆಡ್ಡು ಕಟ್ಟಿಕೊಟ್ಟಳು.

ಟೈರಿನ ಅಂಗಡಿಗಳು ಮುಗಿದವು, ಪೆಟ್ರೋಲ್ ಬಂಕ್ ಮುಗಿಯಿತು, ಕೊನೆಗೆ ದೀಪದ ಕಂಬಗಳೂ ಮುಗಿದವು. ಸಂಜೆಯ ಹೊತ್ತಿಗೆ ಒಂದು ಗುಡ್ಡದ ಬುಡದ ಕೆರೆಯ ಪಕ್ಕ ಟೆಂಟು ಹಾಕಿದೆ. ಮೇಲೆ, ಗುಡ್ಡದ ನೆತ್ತಿಯ ಹತ್ತಿರ ಒಂದೇ ಒಂದು ಮನೆ. ಮೊಟ್ಟೆ ತಿಂದು, ಬೂಟು ಬಿಚ್ಚಿಟ್ಟು ಹುಲ್ಲಿನ ಮೇಲೆ ಮಲಗಿದೆ. ಕತ್ತಲೆ ಎಂದರೆ ನನಗೆ ಹೊಗೆ ತುಂಬಿದ ಕೋಣೆ, ಅಷ್ಟೇ. ಉಸಿರು ಕಟ್ಟದ ಕತ್ತಲೆಯೂ ಇದೆ ಎನ್ನುವುದು ಅವತ್ತು ಗೊತ್ತಾಯಿತು. ನಕ್ಷತ್ರಗಳನ್ನು ನೋಡುತ್ತ ಬಾಯಿ ತೆರೆದುಕೊಂಡೇ ಇದ್ದೆ.

ಆಗ ಗುಡ್ಡದ ಹಿಂದೆ ಕೆಂಪಗಾಯಿತು.

ಮೊದಲು ಮಸುಕಾಗಿ, ನೋಡುನೋಡುತ್ತಿದ್ದಂತೆ ದಟ್ಟವಾಗಿ. ಮೇಲೆ ಹೊಗೆಯಂಥದ್ದೊಂದು ಪಟ್ಟಿ, ಅದರ ಅಂಚಿಗೂ ಕೆಂಪು. ಗಾಳಿ ಅತ್ತಲಿಂದ ಆ ಮನೆಯ ಕಡೆಗೆ ಬೀಸುತ್ತಿತ್ತು, ಹುಲ್ಲು ಒಣಗಿ ಗರಿಗರಿಯಾಗಿತ್ತು. ಆಮೇಲೆ ನಾನು ಏನನ್ನೂ ಯೋಚಿಸಿದ ನೆನಪಿಲ್ಲ. ಮನೆಯ ಬಾಗಿಲು ಬಡಿಯುತ್ತಿದ್ದದ್ದು ನೆನಪಿದೆ. "ಬೆಂಕಿ, ಎದ್ದೇಳಿ, ಒಳಗೆ ಎಷ್ಟು ಜನ ಇದೀರಿ?" ಎಂದು ಕೂಗುತ್ತಿದ್ದೆ.

ವಯಸ್ಸಾದ ಹೆಂಗಸೊಬ್ಬಳು ಒಂದು ಬಕೆಟ್ ನೀರು ಹಿಡಿದುಕೊಂಡೇ ಹೊರಗೆ ಬಂದಳು. ನಾನು ಕೈ ತೋರಿಸಿದ ಕಡೆ ನೋಡಿದಳು. ನನ್ನನ್ನು ನೋಡಿದಳು. ಬಕೆಟ್ಟು ಕೆಳಗಿಟ್ಟಳು.

"ಅದು ಚಂದ್ರ ಕಣಪ್ಪ" ಎಂದಳು.

ನಾನು ತಿರುಗಿದೆ. ಕುರುಚಲು ಗಿಡಗಳ ಹಿಂದಿನಿಂದ ತಾಮ್ರದ ಬಣ್ಣದ ಅಂಚೊಂದು ಮೇಲೇಳುತ್ತಿತ್ತು, ಹೊಗೆ ಎಂದುಕೊಂಡದ್ದು ಬರೀ ಮೋಡ. ನಗರದಲ್ಲಿ ನಾನು ಕಂಡದ್ದು ಕಟ್ಟಡಗಳ ಮೇಲೆ ಆಗಲೇ ಏರಿ, ಬೆಳ್ಳಗಾಗಿ, ಚಿಕ್ಕದಾದ ಚಂದ್ರ. ಹುಟ್ಟುವುದನ್ನು ಕಂಡವನಲ್ಲ. ಇದು ಆ ಮನೆಗಿಂತ ದೊಡ್ಡದಿತ್ತು. ಒಂದೊಂದು ಕಡ್ಡಿ, ಒಂದೊಂದು ಎಲೆ ಅದರ ಮುಂದೆ ಕಪ್ಪಗೆ ಕಾಣುತ್ತಿತ್ತು, ಮತ್ತು ಅದು ಕದಲುತ್ತಿರುವುದು ಬರಿಗಣ್ಣಿಗೆ ಕಾಣುತ್ತಿತ್ತು. ಬೆಂಕಿಗೆ ಸದ್ದಿದೆ, ನನ್ನ ಕಸುಬಿನಲ್ಲಿ ಕಣ್ಣಿಗಿಂತ ಮೊದಲು ಕಿವಿ ಅದನ್ನು ಹಿಡಿಯುತ್ತದೆ. ಇಷ್ಟು ದೊಡ್ಡದು, ಇಷ್ಟು ಕೆಂಪಗೆ, ಒಂದು ಚಿಟಿಕೆ ಸದ್ದೂ ಇಲ್ಲದೆ ಬರುತ್ತಿತ್ತು. ಇದು ದಿನಾ ನಡೆಯುತ್ತದೆ, ಯಾರನ್ನೂ ಸುಡುವುದಿಲ್ಲ ಎಂದುಕೊಂಡಾಗ ನನಗೆ ಅಳು ಬಂತು, ಅತ್ತುಬಿಟ್ಟೆ.

ಚಂದ್ರ ಗಿಡಗಳನ್ನು ಬಿಟ್ಟು ಮೇಲೆ ಬಂದ ಮೇಲೆ ಕ್ಷಮೆ ಕೇಳಿದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆ, ನಿಮ್ಮ ನಿದ್ದೆಯನ್ನೂ ಕೆಡಿಸಿದೆ ಎಂದೆ. ಎಲ್ಲಿಂದ ಬಂದೆ ಎಂದು ಕೇಳಿದಳು. ಕೆರೆಯ ಪಕ್ಕದ ಟೆಂಟು ತೋರಿಸಿದೆ. ಅವಳು ಕೆಳಗೆ ನೋಡಿದಳು, ಮತ್ತೆ ಗುಡ್ಡದ ನೆತ್ತಿ ನೋಡಿದಳು.

"ಬೆಂಕಿ ಕಂಡೋರು ಕಾಲಿಗೆ ಬುದ್ಧಿ ಹೇಳ್ತಾರೆ" ಎಂದಳು. "ನೀನು ಅದರ ಕಡೆಗೇ ಓಡಿ ಬಂದ್ಯಲ್ಲ."

ಕೆರೆಯಿಂದ ಅಲ್ಲಿಯವರೆಗಿನ ಏರನ್ನು ನಾನು ಒಮ್ಮೆ ಕಣ್ಣಲ್ಲೇ ಅಳೆದೆ. ಅವಳು ಒಳಗೆ ಹೋದ ಮೇಲೆ ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಚಂದ್ರನ ಸುದ್ದಿಗೆ ಅವಳು ಬಿದ್ದುಬಿದ್ದು ನಕ್ಕಳು. ಸೋಮವಾರ ಪೈಪು ಹಿಡಿಯುತ್ತೇನೆ ಎಂದಾಗ ನಗು ನಿಂತಿತು. ಆಮೇಲೆ ಮೂಗು ಒರೆಸಿಕೊಂಡ ಸದ್ದು.

"ಕತ್ತಲಲ್ಲಿ ಗುಡ್ಡ ಹತ್ತಿದ್ಯಲ್ಲೋ, ಕಾಲಿಗೆ ಏನಾದ್ರೂ ಹಾಕ್ಕೊಂಡಿದ್ಯಾ?" ಎಂದಳು.

ಆಗಲೇ ನಾನು ಕೆಳಗೆ ನೋಡಿಕೊಂಡದ್ದು. ಬೆಳದಿಂಗಳಲ್ಲಿ ಎರಡೂ ಬರಿಗಾಲು, ತುಂಬ ಮುಳ್ಳು, ಅಲ್ಲಲ್ಲಿ ರಕ್ತ. ಅಲ್ಲಿಯತನಕ ನನಗೆ ನೋವೇ ಗೊತ್ತಾಗಿರಲಿಲ್ಲ.