ಹೊಳೆಮತ್ತಿಯ ಸುತ್ತ ಲಂಟಾನ

ಲಂಟಾನದ ಮುಳ್ಳುಪೊದೆ ಕಂಡರೆ ಬೆಟ್ಟಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಳೆನರಸೀಪುರದ ಕೆಳಗೆ, ಹೇಮಾವತಿಯ ನಡುಗಡ್ಡೆಯನ್ನು ಅರ್ಧಕ್ಕರ್ಧ ನುಂಗಿ ಕೂತಿತ್ತು ಅದು, ಅವರಪ್ಪನ ಮನೆ ಆಸ್ತಿ ಅನ್ನೋ ಹಾಗೆ. ಹಾಳಾಗಿ ಹೋಗಲಿ ಅಂದರೆ, ಅವಳ ಹೊಳೆಮತ್ತಿ ಸಸಿಯನ್ನೂ ಒಳಗೆ ಹಾಕಿಕೊಂಡಿತ್ತಲ್ಲ! ನೆರೆ ಬಂದ ವರ್ಷ ಅವಳು ಕೊಚ್ಚಿಹೋಗದೆ ಉಳಿದದ್ದು ಅಲ್ಲಿದ್ದ ಹೊಳೆಮತ್ತಿ ಮರವನ್ನು ತಬ್ಬಿಕೊಂಡೇ. ಮರುವರ್ಷ ಆ ಮರ ಬುಡಮೇಲಾಯಿತು. ಅದರ ಬೀಜದಿಂದ ಎದ್ದು ಉಳಿದದ್ದು ಇದೊಂದೇ ಸಸಿ, ಈಗ ಸೊಂಟದೆತ್ತರ.

"ಇರ್ಲಿ ಬುಡಮ್ಮಿ," ಅಂದ ಗಂಡ ಬೈರಯ್ಯ. "ಸಸಿ ಸೊಂಪಾಗೇ ಐತೆ. ಸೊಗದೆ ಬಳ್ಳಿನೂ ಅದ್ರೊಳ್ಗೇ ಅಬ್ಬೈತೆ. ಅವ್ಕವೇ ಒಂದ್ಕಂಡವೆ, ನಿಂಗ್ಯಾಕೆ?"

"ಒಂದ್ಕಂಡವಾ? ಕತ್ತು ಇಚುಕ್ತಾ ಐತೆ ಕಣಯ್ಯಾ! ನೀನು ಬೀಡಿ ಸೇದ್ಕಂಡು ಕೂತಿರು."

ಮಚ್ಚು ಹಿಡಿದು ನಡೆದೇಬಿಟ್ಟಳು. ಬೇಸಿಗೆ, ಹೊಳೆಯಲ್ಲಿ ಮೊಣಕಾಲುದ್ದ ನೀರು. ಮುಳ್ಳು ಗೀರಿದಷ್ಟೂ ಬೈದಳು, ಬೈದಷ್ಟೂ ಕೊಚ್ಚಿದಳು. ಕಡಿದದ್ದನ್ನೆಲ್ಲ ದೂರ ಎಳೆದು ಹಾಕಿ, ಸಸಿಯ ಸುತ್ತ ಅಂಗಳ ಗುಡಿಸಿದ ಹಾಗೆ ಮಾಡಿ, ಗೆದ್ದೆ ಅಂತ ಮನೆಗೆ ಬಂದಳು.

ಮಾರನೇ ದಿನ ಹೋಗಿ ನೋಡಿದರೆ, ಅಯ್ಯೋ ಶಿವನೇ, ಸಸಿಯಿದ್ದ ಕಡೆ ಮುರಿದ ಮೋಟು! ಸೊಗದೆ ಬಳ್ಳಿಯಲ್ಲಿ ಒಂದೆಲೆ ಇಲ್ಲ. ಸುತ್ತಲೂ ಆಡಿನ ಹಿಕ್ಕೆ. ಪಕ್ಕದಲ್ಲೇ ಆಡು ಮೇಯಿಸುತ್ತಿದ್ದ ಬೋರಪ್ಪನ ಮೇಲೆ ಎಗರಿಬಿದ್ದಳು.

"ನಿನ್ನ ಮನೆ ಹಾಳಾಗ! ಕಣ್ಣು ಇಂಗೋಗಿದ್ವೇನ್ಲಾ?"

"ದಿನಾ ಇಲ್ಲೇ ತಾನೇ ಮೇಯ್ಸೋದು, ಬೆಟ್ಟಕ್ಕ? ಮುಳ್ಳಿಗೆ ಎದರಿ ಒಂದಾಡೂ ಒಳಕ್ಕೆ ಮೂತಿ ಇಕ್ಕಿರ್ನಿಲ್ಲ. ದಾರಿ ಮಾಡ್ಕೊಟ್ಟೋರು ಯಾರು?"

ಬೆಟ್ಟಮ್ಮನಿಗೆ ಬೈಯಲು ಇನ್ಯಾರೂ ಉಳಿದಿರಲಿಲ್ಲ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು. ಕುಕ್ಕರಗಾಲಲ್ಲಿ ಕೂತು ಮೋಟಿನ ಬುಡ ಉಗುರಿನಿಂದ ಕೆರೆದು ನೋಡಿದಳು. ಇನ್ನೂ ಹಸಿರಿತ್ತು.

ಎದ್ದವಳೇ, ಎಸೆದಿದ್ದ ಲಂಟಾನದ ಕಡ್ಡಿಗಳನ್ನು ಎಳೆದು ತಂದು, ಬರಿಗೈಯಲ್ಲೇ ಮೋಟಿನ ಸುತ್ತ ಒತ್ತೊತ್ತಾಗಿ ನೆಟ್ಟಳು. ಅಂಗೈ ರಕ್ತವಾಯಿತು. ಹೊಳೆಯಲ್ಲಿ ಸೆರಗು ನೆನೆಸಿ ತಂದು, ಆ ಕಡ್ಡಿಗಳ ಬುಡಕ್ಕೆ ಹಿಂಡಿದಳು.

"ಚಿಗುರೇ ಮೂದೇವಿ," ಅಂತ ಲಂಟಾನಕ್ಕೆ ಬೈದಳು. "ಸತ್ಗಿತ್ತೀಯ ಜೋಕೆ, ಬೇಗ ಚಿಗುರು!"