ಮಂಗಳ ಹಾಡುವ ಕಾವಲುಪೆಟ್ಟಿಗೆ

ನನ್ನನ್ನು ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಇದರ ಟಿವಿ ಎಲ್ಲೈತಿ?" ಇಲ್ಲ ಮಾರಾಯರೇ, ನನಗೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಆದರೂ ನಾನೊಂದು ಕಂಪ್ಯೂಟರೇ! ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ನನ್ನಂಥವೇ ನೂರಾರು ಕಪ್ಪು ಪೆಟ್ಟಿಗೆಗಳ ನಡುವೆ. ಮೊದಲು ಒಂದು ವಿಮಾ ಕಚೇರಿಯಲ್ಲಿ ಬೆನ್ನು ಬಗ್ಗಿಸಿ ದುಡಿದೆ. ಹೊಸ ಯಂತ್ರಗಳು ಬಂದದ್ದೇ ತಡ, ನನ್ನನ್ನು ಹಳೇ ಸಾಮಾನಿನ ಅಂಗಡಿಗೆ ಸಾಗಹಾಕಿದರು. ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವನು ಹುಬ್ಬಳ್ಳಿಯ ಗುರುಸಿದ್ದ, ಪಾಲಿಟೆಕ್ನಿಕ್ ಕಾಲೇಜಿನ ಮಾಸ್ತರ.

ಅವನು ನನಗೆ ಕೊಟ್ಟ ಕೆಲಸ ಕಾವಲು. ಹೊರಗಿನ ಇಂಟರ್ನೆಟ್ ತಂತಿ ಮೊದಲು ನನ್ನೊಳಗೆ ಬರಬೇಕು, ಆಮೇಲೆ ಮನೆಯವರ ಫೋನು, ಟಿವಿಗಳಿಗೆ ಹೋಗಬೇಕು. ಕಳ್ಳಕಾಕರು ಬಂದರೆ ಬಾಗಿಲಲ್ಲೇ ತಡೆಯುತ್ತೇನೆ. ಇದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ದೇವರಕೋಣೆಯ ಪಕ್ಕದ ಗೋಡೆಗೂಡಿನಲ್ಲಿ ನನ್ನನ್ನು ಕೂರಿಸಿದ. ಆದರೆ ಯಾರಾದರೂ ಒತ್ತಿಬಿಟ್ಟಾರು ಎಂಬ ಹೆದರಿಕೆಯಿಂದ ನನ್ನ ಮುಖದ ಮೇಲಿನ ಬಂದ್ ಮಾಡುವ ಗುಂಡಿಯ ತಂತಿಯನ್ನು ಒಳಗಿನಿಂದ ಕಿತ್ತಿಟ್ಟ. ಬುದ್ಧಿವಂತ! ಅಂದಿನಿಂದ ನನ್ನನ್ನು ಮಲಗಿಸುವ ವಿದ್ಯೆ ಅವನ ಲ್ಯಾಪ್‌ಟಾಪಿಗೆ ಮಾತ್ರ ಗೊತ್ತು.

ಆಯುಧಗಳನ್ನು ಪೂಜಿಸುವ ಖಂಡೇನವಮಿ ಬಂತು. ಗುರುಸಿದ್ದ ಕಾಲೇಜಿನ ಪೂಜೆಗೆ ಹೋಗಿದ್ದ. ಅವನ ತಾಯಿ ನೀಲವ್ವ ಈಳಿಗೆಮಣೆ, ಹೊಲಿಗೆಯಂತ್ರ, ಸೈಕಲ್ಲು ಎಲ್ಲವನ್ನೂ ಒರೆಸಿ ವಿಭೂತಿ ಹಚ್ಚುತ್ತ ನನ್ನ ಬಳಿ ಬಂದಳು. ನಾನು ಗುಂಯ್ ಎನ್ನುತ್ತಿದ್ದೆ. ಹಬ್ಬದ ದಿನವೂ ದುಡಿಯುತ್ತದಲ್ಲ ಪಾಪ ಎಂದುಕೊಂಡು ಪ್ಲಗ್ಗನ್ನು ಕಿತ್ತೇಬಿಟ್ಟಳು. ನಾನು ಆಗ ಡಿಸ್ಕಿನಲ್ಲಿ ಏನೋ ಬರೆಯುತ್ತಿದ್ದೆ. ಉಣ್ಣುತ್ತಿದ್ದವನ ಮುಂದಿನ ತಾಟು ಕಸಿದಂತಾಯಿತು. ಸಂಜೆ ಗುರುಸಿದ್ದ ಬಂದು ಪ್ಲಗ್ ಹಾಕಿದರೆ ನಾನು ಏಳಲೇ ಇಲ್ಲ.

"ಅವ್ವಾ, ಇದನ್ನ ಯಾಕ ಮುಟ್ಟಿದಿ?"

"ಖಂಡೇನವಮಿಗೆ ಯಾವ ಆಯುಧ ದುಡಿತಾವೋ ತಮ್ಮಾ? ಒಂದು ದಿನ ಬಿಡುವು ಕೊಟ್ಟೆ."

ಹೊಸ ಡಿಸ್ಕ್ ಹಾಕಿ, ಇಡೀ ಭಾನುವಾರ ಕೂತು ಗುರುಸಿದ್ದ ನನ್ನನ್ನು ಬದುಕಿಸಿದ. "ಇನ್ನೊಮ್ಮೆ ಹಿಂಗಾದ್ರ ಇದು ಗುಜರಿಗೇ. ಇನ್ನ ಮ್ಯಾಲೆ ಯಾರೂ ಇದನ್ನ ಮುಟ್ಟಬ್ಯಾಡ್ರಿ" ಎಂದ. ನೀಲವ್ವನ ಮುಖ ಸಣ್ಣದಾಯಿತು. "ನಾ ನಿಂತು ಕಟ್ಟಿಸಿದ ಮನ್ಯಾಗ ನಾ ಮುಟ್ಟಬಾರದ್ದು ಒಂದು ಬಂದು ಕುಂತೈತಿ" ಎಂದು ಅಡುಗೆಮನೆಗೆ ಹೋದಳು. ಅಂದಿನಿಂದ ಆ ಮೂಲೆಯ ಕಸವನ್ನೂ ಗುಡಿಸಲಿಲ್ಲ. ನನ್ನ ಮೂಗಿಗೆಲ್ಲ ಧೂಳು. ನನಗೂ ಬಹಳ ಬೇಜಾರಾಯಿತು, ಏಕೆಂದರೆ ಆಕೆ ನನ್ನ ಮೇಲೆ ಕರುಣೆಯಿಂದಲೇ ಕೈಯಿಟ್ಟಿದ್ದಳು.

ಇದನ್ನೆಲ್ಲ ನೋಡುತ್ತಿದ್ದವಳು ಸೊಸೆ ದಾಕ್ಷಾಯಿಣಿ. ಒಂದು ದಿನ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಅಲ್ರೀ, ಗ್ಯಾಸ್ ಬಂದ್ ಮಾಡೂದು ಅತ್ತಿಯವರಿಗೆ ಬರತೈತಿ. ಇದನ್ನ ಬಂದ್ ಮಾಡೂದು ನಿಮಗೊಬ್ಬರಿಗೇ ಬರಬೇಕೇನ್ರಿ? ನೀವು ಪರೀಕ್ಷಾ ಡ್ಯೂಟಿಗೆ ಹೋದಾಗ ಕರೆಂಟ್ ಹೋದ್ರ ಏನ್ ಮಾಡೋಣ?"

ಗುರುಸಿದ್ದ ಸ್ಕ್ರೂಡ್ರೈವರ್ ತಂದು ಗುಂಡಿಯ ತಂತಿ ಕೂಡಿಸಿದ. ಒಮ್ಮೆ ಒತ್ತಿದರೆ ನಾನು ಬರೆಯುವುದನ್ನೆಲ್ಲ ಮುಗಿಸಿ ನಾನಾಗಿಯೇ ಮಲಗುವಂತೆ ಕಲಿಸಿದ. "ಕರೆಗಂಟಿ ಒತ್ತಿದಂಗ ಒತ್ತಿ ಬಿಡು, ಅವ್ವಾ. ಹಿಡಕೊಂಡು ನಿಂದ್ರಬ್ಯಾಡ. ದೀಪ ಆರಿದ ಮ್ಯಾಲೆ ಪ್ಲಗ್ ತಗಿ."

"ಆ ಸಾಸಿವಿಯಷ್ಟು ದೀಪ ನನ್ನ ಕಣ್ಣಿಗೆ ಎಲ್ಲಿ ಕಾಣತೈತಿ? ಪೂಜಿ ಮುಗೀತಂದ್ರ ಮಂಗಳಾರತಿ ಹಾಡತೀವಿ. ಅದು ಮುಗಿಯೂತನಕ ಯಾರೂ ಏಳೂದಿಲ್ಲ. ಇದಕ್ಕೂ ಹಾಡು ಕಲಸು."

ತಾಯಿ ಗುನುಗಿದಳು, ಮಗ ಅದನ್ನು ನನ್ನೊಳಗಿನ ಪುಟ್ಟ ಸ್ಪೀಕರಿನ ಪೀಪಿಗೆ ಕಲಿಸಿದ. ನನ್ನ ತಗಡುದನಿಯ ಮಂಗಳ ಕೇಳಿ ದಾಕ್ಷಾಯಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬೇಸಿಗೆ ಬಂತು. ಗುರುಸಿದ್ದ ಪರೀಕ್ಷಾ ಡ್ಯೂಟಿಗೆಂದು ಗದಗಿಗೆ, ದಾಕ್ಷಾಯಿಣಿ ತವರಿಗೆ ಹೋಗಿದ್ದ ದಿನವೇ ಅಡ್ಡಮಳೆ ಹೊಯ್ಯಬೇಕೆ! ಸಿಡಿಲು ಬಡಿದು ಕರೆಂಟ್ ಹೋಯಿತು. ಈಗ ನನ್ನನ್ನು ಎಚ್ಚರವಿಟ್ಟಿದ್ದ ಪಕ್ಕದ ಬ್ಯಾಟರಿ ಡಬ್ಬಿ ಕೀ ಕೀ ಎಂದು ಅರಚತೊಡಗಿತು. ಅದರ ಕಸುವು ಇನ್ನು ಸ್ವಲ್ಪವೇ ಹೊತ್ತು. ನೀಲವ್ವ ಮಗನಿಗೆ ಫೋನ್ ಹಚ್ಚಿದಳು, ಹತ್ತಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ನಿಂತಳು. ಅಯ್ಯೋ, ಆ ಕೈ ಹಳೇ ರೂಢಿಯಂತೆ ಪ್ಲಗ್ಗಿನ ಕಡೆಗೇ ಹೋಯಿತು! ಬೇಡವ್ವಾ ಎನ್ನಲು ನನಗೆ ಬಾಯಿಲ್ಲ. ಗುಜರಿ ಅಂಗಡಿ ಕಣ್ಣಮುಂದೆ ಬಂತು.

ಕೈ ತಡೆಯಿತು, ಹಿಂದಕ್ಕೆ ಬಂತು. ತೋರುಬೆರಳು ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟಿತು. ಬದುಕಿದೆ! ಒಳಗಿನ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚಿದೆ, ಬರೆಯುವುದನ್ನು ಬರೆದು ಮುಗಿಸಿದೆ, ಗಂಟಲೆತ್ತಿ ಮಂಗಳ ಹಾಡಿದೆ. ನೀಲವ್ವ ಕೊನೆಯವರೆಗೂ ಕೈಮುಗಿದು ನಿಂತಿದ್ದು, ಆಮೇಲೆ ಪ್ಲಗ್ ತೆಗೆದಳು. "ಮಲ್ಕೋ ಯಪ್ಪಾ" ಎಂದಳು.

ಸಂಜೆ ಗುರುಸಿದ್ದ ತೊಯ್ದು ತೊಪ್ಪೆಯಾಗಿ ಓಡಿಬಂದ. ನಾನು ಗುಂಯ್ ಎನ್ನುತ್ತ ಕೆಲಸದಲ್ಲಿದ್ದೆ. "ಅವ್ವಾ, ಏನಾತು?"

"ಏನಾಗತೈತಿ? ಮಲಗಿಸಿದ್ದೆ, ಕರೆಂಟ್ ಬಂತು, ಎಬ್ಬಿಸಿದೆ. ನೀ ಮೊದಲ ತಲಿ ಒರಸ್ಕೋ."

ಮರುದಿನ ಬೆಳಿಗ್ಗೆ ನನ್ನ ಮೂಲೆಯ ಕಸ ಗುಡಿಸಿದಳು. ಧೂಳು ಹೋಗಿ ಉಸಿರಾಟ ಹಗುರಾಯಿತು.

ಈಗ ನನಗೆ ಮುಪ್ಪು. ಕೆಲಸವಿಲ್ಲದೆ ಗೂಡಿನ ಮೂಲೆಯಲ್ಲಿ ಕೂತಿದ್ದೇನೆ, ಖಂಡೇನವಮಿಗೆ ವಿಭೂತಿ ಮಾತ್ರ ತಪ್ಪುವುದಿಲ್ಲ. ನನ್ನ ಜಾಗಕ್ಕೆ ಅಂಗೈಯಗಲದ ಹೊಸ ಪೆಟ್ಟಿಗೆ ಬಂದಿದೆ. ಅದು ಬಂದ ದಿನ ಗುರುಸಿದ್ದ ತಂತಿ ಹಿಡಿದು ಬಗ್ಗಿದ್ದ, ನೀಲವ್ವ ಅಡ್ಡ ನಿಂತಳು.

"ಹಚ್ಚೂದು ಆಮ್ಯಾಲೆ. ಮೊದಲ ಇದನ್ನ ಮಲಗಿಸೂದು ಹೆಂಗ, ತೋರಸು."