ಇಂಡಿಕೇಟರ್ ಸರಿಹೋದ ದಿನ

ಕೈಲಾಂಚದ ಅನಂತರಾಜು ವಾರಕ್ಕೆರಡು ಸಲ ಹೆಂಡತಿ ಅಂಕಮ್ಮನನ್ನು ಡಯಾಲಿಸಿಸ್‌ಗೆಂದು ಕಾರಿನಲ್ಲಿ ರಾಮನಗರಕ್ಕೆ ಕರೆದೊಯ್ಯುತ್ತಿದ್ದ. ಮುಗಿಸಿಕೊಂಡು ಹೊರಡುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಈಚೆಗೆ ಕಾರಿನ ದೀಪಗಳೆಲ್ಲ ಮಂಕಾದಂತೆ ಕಂಡು, ಹೆಡ್‌ಲೈಟಿನಿಂದ ಹಿಡಿದು ಇಂಡಿಕೇಟರ್‌ವರೆಗೆ ಎಲ್ಲಕ್ಕೂ ಎಲ್‌ಇಡಿ ಬಲ್ಬ್ ಹಾಕಿಸಿದ್ದ. ಮಂಕು ಪೂರ್ತಿ ಹೋಗಲಿಲ್ಲ. ಸಾಲದ್ದಕ್ಕೆ ಹೊಸ ಕಾಟವೊಂದು ಗಂಟುಬಿತ್ತು. ಇಂಡಿಕೇಟರ್ ಹಾಕಿದರೆ ಟಿಕ್ ಟಿಕ್ ಸದ್ದು ಹುಚ್ಚು ಹಿಡಿದಂತೆ ಓಡುತ್ತಿತ್ತು. ತಿರುವು ಬಂತೆಂದರೆ ಅವನ ಎದೆಯೂ ಅದೇ ವೇಗಕ್ಕೆ ಹೊಡೆದುಕೊಳ್ಳುತ್ತಿತ್ತು.

ಒಂದು ದಿನ ಆಸ್ಪತ್ರೆಯಿಂದ ನೇರವಾಗಿ ತಾಜ್ ಪಾಷಾನ ಶೆಡ್ಡಿಗೆ ಗಾಡಿ ತಂದ. ಇಬ್ಬರೂ ಒಂದೇ ಸ್ಕೂಲಿನಲ್ಲಿ ಓದಿದವರು. ಪಾಷಾ ಈಗ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದ. ಅಂಕಮ್ಮ ಸುಸ್ತಾಗಿ ಸೀಟಿನಲ್ಲೇ ಒರಗಿದ್ದಳು. ಎಲ್‌ಇಡಿ ಕರೆಂಟ್ ಕಡಿಮೆ ಎಳೆಯುತ್ತದೆ, ಬಲ್ಬ್ ಹೋಗಿದೆಯೆಂದುಕೊಂಡು ಇಂಡಿಕೇಟರ್ ಮಿನುಗಿಸುವ ಫ್ಲಾಶರ್ ಹಾಗೆ ಬಡಿದುಕೊಳ್ಳುತ್ತದೆ, ಅದನ್ನೇ ಬದಲಿಸಿದರಾಯಿತು ಎಂದ ಪಾಷಾ. ಡ್ಯಾಶ್‌ಬೋರ್ಡಿನ ಕೆಳಗೆ ತೂರಿ ಹಳೆಯದನ್ನು ಕಿತ್ತು, ಎಲ್‌ಇಡಿಗೆ ಹೊಂದುವ ಫ್ಲಾಶರ್ ಕೂರಿಸಿದ. ಸದ್ದು ನಿಧಾನವಾಯಿತು. ಅನಂತರಾಜುವಿಗೆ ಹೋದ ಜೀವ ಬಂದಂತಾಯಿತು.

ಪಾಷಾ ಎರಡೂ ಕಡೆಯ ಇಂಡಿಕೇಟರ್ ಹಾಕಿ, ಕಾರಿನ ಮುಂದೆ ನಿಂತು ನೋಡಲು ಗೆಳೆಯನಿಗೆ ಹೇಳಿದ.

"ಎಡಗಡೇದು ಉರೀತಿಲ್ಲ ಕಣ್ಲಾ," ಎಂದ ಅನಂತರಾಜು.

ಪಾಷಾ ಇಳಿದು ಬಂದ. ಎರಡೂ ಚೆನ್ನಾಗಿಯೇ ಹೊತ್ತಿ ಆರುತ್ತಿದ್ದವು. ಅವನು ಗೆಳೆಯನ ಮುಖದ ಎಡಪಕ್ಕದಲ್ಲಿ ಕೈಯಾಡಿಸಿದ. ಅನಂತರಾಜು ತಿರುಗಲಿಲ್ಲ.

"ಬಲ್ಬ್ ಸರ್ಯಾಗೇ ಅವೆ. ನಿನ್ ಕಣ್ಣಿಗೇ ಏನೋ ಆಗೈತೆ. ಒಸಿ ಡಾಕ್ಟ್ರಿಗೆ ತೋರಿಸ್ಕಳ್ಲಾ."

ಅನಂತರಾಜುವಿಗೆ ಸಿಟ್ಟು ನೆತ್ತಿಗೇರಿತು. ಕೆಲಸ ಬರದಿದ್ದರೆ ಬರದು ಅನ್ನು ಎಂದು ರೇಗಿ ಕೀ ಕೇಳಿದ. ಆಗ ಕಾರಿನೊಳಗಿಂದ ಅಂಕಮ್ಮ ಮಾತಾಡಿದಳು.

"ಅವ್ರು ಯೋಳಿದ್ದು ದಿಟ. ಹಂಪ್ ಬಂತು, ಹಸ ಬಂತು ಅಂತ ದಾರಿ ಉದ್ದಕ್ಕೂ ಸುಮ್ಕೆ ಅಂತಿದ್ನಾ ನಾನು?"

ನೋವು ಮರೆಯಲು ಹಾಗೆ ಮಾತಾಡುತ್ತಾಳೆ ಎಂದುಕೊಂಡಿದ್ದ ಅವನು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಕಾರು ನಿಂತೋದ್ರೆ ನಾನೆಂಗೆ ಆಸ್ಪತ್ರೆಗೆ ಬರ್ಲಿ ಅಂತ ಎದ್ರುಕಂಡೆ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅವತ್ತು ಪಾಷಾನೇ ಕಾರು ಓಡಿಸಿ ಇಬ್ಬರನ್ನೂ ಊರಿಗೆ ಬಿಟ್ಟ.

ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿದೆ ಎಂದರು ಮಾರನೇ ದಿನ ಪರೀಕ್ಷಿಸಿದ ಕಣ್ಣಿನ ಡಾಕ್ಟರು. ಹೋದ ದೃಷ್ಟಿ ಮರಳಿ ಬಾರದು. ಉಳಿದಿರುವುದನ್ನಾದರೂ ಕಾಪಾಡಿಕೊಳ್ಳಲು ದಿನವೂ ಡ್ರಾಪ್ಸ್ ಹಾಕಬೇಕು, ಇನ್ನು ಗಾಡಿ ಮುಟ್ಟಬಾರದು.

ಮುಂದಿನ ಡಯಾಲಿಸಿಸ್ ದಿನ ಬೆಳಿಗ್ಗೆ ಅನಂತರಾಜು ಕಾರಿನ ಬಾಗಿಲು ತೆಗೆದು ನಿಂತ. ಹಗಲು ಹೊತ್ತಲ್ಲವೇ, ನಿಧಾನವಾಗಿ ಹೋಗೋಣ ಎಂದು ಅಂಗಲಾಚಿದ. ಅಂಕಮ್ಮ ಹತ್ತಲಿಲ್ಲ. ಚೀಲ ಹೆಗಲಿಗೇರಿಸಿ ಬಸ್‌ಸ್ಟಾಪಿನ ಕಡೆ ನಡೆದಳು. ಅವನು ಬಾಗಿಲು ಹಾಕಿ ಹಿಂದೆಯೇ ಹೋದ.

ಬಸ್ಸಿನಲ್ಲಿ ಸಿಕ್ಕಿದ್ದು ಒಂದೇ ಸೀಟು. ಅದರಲ್ಲಿ ಅವಳನ್ನು ಕೂರಿಸಿ ಅವನು ಕಂಬಿ ಹಿಡಿದು ನಿಂತ. ರಾಮನಗರದಲ್ಲಿ ಇಳಿಯುವಾಗ ಮೆಟ್ಟಿಲು ಎಲ್ಲಿ ಮುಗಿಯಿತೆಂದು ತಿಳಿಯದೆ ಅವನ ಕಾಲು ತಡವರಿಸಿತು. ಅಷ್ಟರಲ್ಲಿ ಇಳಿದಿದ್ದ ಅಂಕಮ್ಮ, ಸೂಜಿ ಚುಚ್ಚಿ ಚುಚ್ಚಿ ಊದಿದ್ದ ತೋಳನ್ನೇ ಚಾಚಿ ಅವನನ್ನು ಹಿಡಿದುಕೊಂಡಳು.